'ತುಳಸಿದಳ'ದ ಭಯ 'ತುಳಸಿ'ಯಲ್ಲಿ ಯಾಕಿಲ್ಲ?

ಹಿಂದೂಪುರ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹಿಂದೂಪುರ, ಕಲ್ಯಾಣದುರ್ಗ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಯಂಡಮೂರಿ ವೀರೇಂದ್ರನಾಥ್ ಎರಡೂ ಭಾಷೆಯ ಲೇಖಕರು. ತೆಲುಗು ಪ್ರತಿ ಕೈಗೆ ಸಿಗದಿದ್ದರೆ ಕನ್ನಡ ಅನುವಾದ ಇದ್ದೇ ಇತ್ತು. 'ತುಳಸಿದಳ' ದೊಡ್ಡದೋ, ಅದರ ಮುಂದುವರಿದ ಕಥೆ 'ತುಳಸಿ' ದೊಡ್ಡದೋ ಎಂಬ ವಾದ ಮಾತ್ರ ಮುಗಿದಿಲ್ಲ. ನನ್ನ ಓಟು ಮೊದಲನೆಯದಕ್ಕೆ. ಕಾರಣ ಹೇಳುತ್ತೇನೆ.

'ತುಳಸಿದಳ' ಆಂಧ್ರಭೂಮಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ. ತುಳಸಿ ಎಂಬ ಪುಟ್ಟ ಹುಡುಗಿಯ ಹೆಸರಿಗೆ ದೊಡ್ಡ ಹಣ ಬರುತ್ತದೆ. ಮಗು ಸತ್ತರೆ ಆ ಹಣ ಬೇರೆಯವರ ಪಾಲು. ಅದಕ್ಕಾಗಿ ಮಾಂತ್ರಿಕನಿಂದ ಕಾಷ್ಮೋರ ಪ್ರಯೋಗ. ಒಂದು ಕಡೆ ವೈದ್ಯರು, ಸಂಮೋಹನ ಚಿಕಿತ್ಸೆ. ಇನ್ನೊಂದು ಕಡೆ ಮಾಂತ್ರಿಕನ ಬೆನ್ನಟ್ಟಿ ಹೋದವರು. ಕೊನೆಗೆ ಮಗು ಉಳಿಯುತ್ತದೆ. ಯಾವುದರಿಂದ ಉಳಿಯಿತು? ಲೇಖಕರು ಅದನ್ನು ಬಿಗಿಯಾಗಿ ಹೇಳುವುದಿಲ್ಲ.

ಪುಸ್ತಕದ ಭಯವೆಲ್ಲ ಇರುವುದು ಇಲ್ಲಿಯೇ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಮಗುವೊಂದಕ್ಕೆ ಜ್ವರ ಇಳಿಯಲಿಲ್ಲ. ಅಜ್ಜಿ ತಾಯತ ಕಟ್ಟಿಸಿದರು, ಅಪ್ಪ ಬಸ್ಸು ಹತ್ತಿಸಿ ಆಸ್ಪತ್ರೆಗೆ ಒಯ್ದರು. ಮಗು ಗುಣವಾಯಿತು. ತಾಯತದಿಂದಲೋ ಸೂಜಿಯಿಂದಲೋ ಎಂದು ಅವರಿಬ್ಬರೂ ವರ್ಷಗಟ್ಟಲೆ ಜಗಳವಾಡಿದರು! (ಸೂಜಿ ಹಾಕಿಸಿದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ.) 'ತುಳಸಿದಳ' ಓದುವಾಗ ಆ ಮನೆಯೇ ಕಣ್ಣ ಮುಂದೆ ಬಂದಿತ್ತು.

'ತುಳಸಿ'ಯಲ್ಲಿ ಈ ಅನುಮಾನಕ್ಕೆ ಜಾಗ ಕಡಿಮೆ. ಕಾಷ್ಮೋರ ಇದೆ ಎಂದು ಒಪ್ಪಿಕೊಂಡೇ ಕಥೆ ಓಡುತ್ತದೆ. ಓಟವೇನೋ ಜೋರು, ಒಂದೇ ರಾತ್ರಿಯಲ್ಲಿ ಮುಗಿಸಬಹುದು. ಆದರೆ ಭೂತ ಎದುರಿಗೇ ಬಂದು ನಿಂತರೆ ಅದು ಚಂದಮಾಮದ ಕಥೆಯ ಭೂತವೇ. ಬಾಗಿಲ ಹಿಂದೆ ಏನೋ ಇದೆಯೇನೋ ಎಂಬ ಭಯ ಬೇರೆ.

ಲೇಖಕಿ ರಂಗನಾಯಕಮ್ಮ ಮೊದಲ ಕಾದಂಬರಿಯ ವಿರುದ್ಧವೇ 'ತುಳಸಿದಳಂ ಕಾದು ಗಂಜಾಯಿ ದಮ್ಮು' ಎಂಬ ಇಡೀ ಪುಸ್ತಕ ಬರೆದರು. ಅವರ ಸಿಟ್ಟು ನ್ಯಾಯವಾದದ್ದೇ. ವೈದ್ಯರನ್ನೂ ಮಾಂತ್ರಿಕನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ, ಮಾಟದ ಹೆಸರಲ್ಲಿ ಬಡವರನ್ನು ಹೊಡೆಯುವ ನಾಡಿನಲ್ಲಿ ತೂಕ ಎತ್ತ ವಾಲುತ್ತದೆ ಎಂದು ನಮಗೆ ಗೊತ್ತು. ಆದರೂ ಅಲ್ಲಿ ತಕ್ಕಡಿಯಾದರೂ ಇತ್ತು, ಎರಡನೆಯದರಲ್ಲಿ ಅದೂ ಇಲ್ಲ.

ಸಿನಿಮಾಗಳನ್ನೇ ನೋಡಿ. 1985ರ ಕನ್ನಡ ಚಿತ್ರ 'ತುಳಸಿದಳ' ಕಾದಂಬರಿಯ ಹೆಸರನ್ನೇ ಇಟ್ಟುಕೊಂಡಿತು. 'ತುಳಸಿ'ಯನ್ನು ಆಧರಿಸಿದ 1986ರ ತೆಲುಗು ಚಿತ್ರಕ್ಕೆ 'ಕಾಷ್ಮೋರ' ಎಂದು ಹೆಸರಿಟ್ಟರು. ಎರಡನ್ನೂ ಓದದವರು ಮೊದಲನೆಯದರಿಂದಲೇ ಶುರು ಮಾಡಿ. ತಿರುವುಮುರುವು ಓದಿದರೆ 'ತುಳಸಿದಳ'ದ ಅನುಮಾನವೂ ಕೆಟ್ಟುಹೋಗುತ್ತದೆ.