ಹಳೇ ಬೇಸ್ ಗಿಟಾರಿಗೆ ಬೆಲೆ ಕಟ್ಟುವುದು

ಗೊರವನಹಳ್ಳಿ ಕಡೆಯ ಅಜ್ಜಂದಿರಿಗೆ ಭಜನೆಯ ತಂಬೂರಿ ಗೊತ್ತು. ಹಾಡಿನ ಕೆಳಗೆ ನಿಂತು ಅದನ್ನು ಹೊರುವ ನಾದ. ಆರ್ಕೆಸ್ಟ್ರಾದಲ್ಲಿ ಆ ತಳಪಾಯ ಬೇಸ್ ಗಿಟಾರಿನದು. ಸಾಮಾನ್ಯವಾಗಿ ನಾಲ್ಕೇ ತಂತಿ, ಎಲ್ಲವೂ ದಪ್ಪ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ತಂದ ‘ಪ್ರಿಸಿಷನ್ ಬೇಸ್’ನಿಂದ ಇದು ಊರೂರು ತಲುಪಿತು.

ಹೊಸದು ದುಬಾರಿ. ಹಾಗಾಗಿ ಅನೇಕ ಹವ್ಯಾಸಿಗಳು ಹಳೆಯದನ್ನೇ ಕೊಳ್ಳುತ್ತಾರೆ. ನಾಲ್ಕು ತಂತಿಯದನ್ನು ಕೊಟ್ಟು, ಮೇಲಿಷ್ಟು ದುಡ್ಡಿಟ್ಟು ಐದು ತಂತಿಯದನ್ನು ತರುವವರೂ ಇದ್ದಾರೆ.

ಮಕ್ಕಳೇ, ಮೊದಲು ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕತ್ತನ್ನು ನೋಡಿ. ತುಸು ಬಾಗಿದ್ದರೆ ಒಳಗಿನ ಉಕ್ಕಿನ ಸರಳು ತಿರುಗಿಸಿ ಸರಿಮಾಡಬಹುದು. ತಿರುಚಿಕೊಂಡಿದ್ದರೆ ಬೇಡವೇ ಬೇಡ! ತಂತಿ ತುಕ್ಕು ಹಿಡಿದಿದೆಯೇ? ಹೆದರಬೇಡಿ, ಬದಲಿಸಬಹುದು. ನೋಡದೆ ಮುಂಗಡ ಮಾತ್ರ ಕೊಡಬೇಡಿ. ಜೊತೆಗೆ ಅಜ್ಜನನ್ನೂ ಕರೆದೊಯ್ಯಿರಿ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡಿ ಎತ್ತಿಗೆ ಬೆಲೆ ಕಟ್ಟಿದವರಿಗೆ ಚೌಕಾಸಿ ಯಾರೂ ಕಲಿಸಬೇಕಿಲ್ಲ.