ಡ್ಯೂಕ್ ಬೆನ್ನಟ್ಟಿದ ಚನ್ನಗಿರಿಯವನು

1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಉಗಿಬಂಡಿ ಹೊರಟಿತು. ಎರಡು ಪಟ್ಟಣಗಳ ನಡುವೆ ಪ್ರಯಾಣಿಕರನ್ನೂ ಸರಕನ್ನೂ ಪೂರ್ತಿ ಉಗಿಯ ಬಲದಿಂದಲೇ ಸಾಗಿಸುವ ರೈಲುಮಾರ್ಗದ ಉದ್ಘಾಟನೆ ಅದು. ಗೌರವ ಅತಿಥಿ ಬ್ರಿಟನ್ನಿನ ಪ್ರಧಾನಮಂತ್ರಿ, ವಾಟರ್ಲೂ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. ನಡುದಾರಿಯ ಪಾರ್ಕ್‌ಸೈಡ್‌ನಲ್ಲಿ ನೀರು ತುಂಬಿಸಿಕೊಳ್ಳಲು ಬಂಡಿ ನಿಂತಾಗ ಸಂಸತ್ ಸದಸ್ಯ ವಿಲಿಯಂ ಹಸ್ಕಿಸನ್ ಹಳೆಯ ಮುನಿಸು ಮರೆತು ಡ್ಯೂಕನ ಕೈಕುಲುಕಲು ಹಳಿಗಿಳಿದ. ಪಕ್ಕದ ಹಳಿಯ ಮೇಲೆ ಸ್ಟೀಫನ್‌ಸನ್ನರ ‘ರಾಕೆಟ್’ ಎಂಜಿನ್ ಬಂದೇಬಿಟ್ಟಿತು. ಅದರಡಿ ಕಾಲು ಸಿಕ್ಕ ಹಸ್ಕಿಸನ್ ಅಂದು ರಾತ್ರಿಯೇ ತೀರಿಕೊಂಡ. ಮ್ಯಾಂಚೆಸ್ಟರಿನಲ್ಲಿ ಮತದಾನದ ಹಕ್ಕಿಗಾಗಿ ಕುದಿಯುತ್ತಿದ್ದ ಜನ ಡ್ಯೂಕನನ್ನು ಕಂಡು ಛೀಮಾರಿ ಹಾಕಿದರು. ಆತ ಬಂಡಿಯಿಂದ ಕೆಳಗಿಳಿಯಲೇ ಇಲ್ಲ.

ಈ ಡ್ಯೂಕನಿಗೂ ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿಗೂ ಒಂದು ಹಳೆಯ ಲೆಕ್ಕವಿತ್ತು. ಮೂವತ್ತು ವರ್ಷ ಐದು ದಿನಗಳ ಹಿಂದೆ, 1800ರ ಸೆಪ್ಟೆಂಬರ್ 10ರಂದು, ಆತ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ಚನ್ನಗಿರಿಯಲ್ಲಿ ಹುಟ್ಟಿದವನೊಬ್ಬನನ್ನು ರಾಯಚೂರು ಸೀಮೆಯ ಕೋನಗಲ್ಲಿನ ಬಯಲಲ್ಲಿ ಮುಗಿಸಿದ್ದ.

ಅವನೇ ಧೋಂಡಿಯಾ ವಾಘ್. ಅವನ ಹೆಸರು ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿದೆ. ಮಕ್ಕಳು ಅವನನ್ನು ಎರಡು ಅಂಕಕ್ಕೋ ಮೂರು ಅಂಕಕ್ಕೋ ಉರುಹೊಡೆಯುತ್ತಾರೆ. ನೆಪೋಲಿಯನ್, ವಾಟರ್ಲೂ ಬರುವುದು ಬೇರೆ ಪಾಠದಲ್ಲಿ. ಹಾಗಾಗಿ ಒಬ್ಬನೇ ಮನುಷ್ಯ ಮೊದಲು ಇವನ ಹಿಂದೆ, ಆಮೇಲೆ ನೆಪೋಲಿಯನ್ನನ ಹಿಂದೆ ಬಿದ್ದಿದ್ದ ಎಂಬುದು ಯಾರ ತಲೆಗೂ ಹೋಗುವುದಿಲ್ಲ.

ಮರಾಠಾ ಮನೆತನದ ಧೋಂಡಿಯಾ ಹೈದರಾಲಿಯ ಕುದುರೆ ಪಡೆಯಲ್ಲಿ ಬೆಳೆದವನು. 1792ರ ಸುಮಾರಿಗೆ, ಮೂರನೇ ಮೈಸೂರು ಯುದ್ಧದ ಗದ್ದಲದಲ್ಲಿ, ಸೇನೆ ಬಿಟ್ಟು ತನ್ನದೇ ದಂಡು ಕಟ್ಟಿಕೊಂಡು ಧಾರವಾಡ–ಲಕ್ಷ್ಮೇಶ್ವರದ ಕಡೆ ಕೊಳ್ಳೆ ಹೊಡೆದ. 1794ರಲ್ಲಿ ಟಿಪ್ಪು ಕರೆಸಿಕೊಂಡ. ಮತಾಂತರವಾಯಿತು, ಶೇಕ್ ಅಹಮದ್ ಎಂಬ ಹೆಸರೂ ಬಂತು. ಆಮೇಲೆ ಸುಲ್ತಾನನಿಗೆ ಅನುಮಾನ ಹುಟ್ಟಿ ಶ್ರೀರಂಗಪಟ್ಟಣದ ಸೆರೆಮನೆಗೆ ದೂಡಿದ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತಾಗ ಸೆರೆಮನೆಯ ಬಾಗಿಲೂ ತೆರೆಯಿತು, ಧೋಂಡಿಯಾ ಹೊರಬಿದ್ದ. ಅವನು ನೆಟ್ಟಗೆ ಬಂದದ್ದು ಹುಟ್ಟಿದ ಸೀಮೆಗೆ. ಕೆಲಸ ಕಳೆದುಕೊಂಡಿದ್ದ ಟಿಪ್ಪುವಿನ ಸಿಪಾಯಿಗಳು ಸಾವಿರಗಟ್ಟಲೆ ಅವನ ಹಿಂದೆ ಬಂದರು. ಬಿದನೂರು, ಶಿವಮೊಗ್ಗ, ಶಿಕಾರಿಪುರದ ಸುತ್ತಲ ಸೀಮೆ ಕೈಗೆ ಬಂತು. ‘ಉಭಯಲೋಕಾಧೀಶ್ವರ’ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ. ಇಹದ ಜೊತೆಗೆ ಪರವನ್ನೂ ಆಳುತ್ತೇನೆ ಅನ್ನುವ ಗತ್ತು ಸಾಮಾನ್ಯದ್ದಲ್ಲ!

ಅವನನ್ನು ಸ್ವಾತಂತ್ರ್ಯವೀರನೆನ್ನಬೇಕೋ ದರೋಡೆಕೋರನೆನ್ನಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗನ್ನಿಸುವುದು, ಎರಡೂ ಹೌದು. ಊರು ಸುಲಿದದ್ದೂ ನಿಜ. ಟಿಪ್ಪು ಸತ್ತ ಮೇಲೆ ಇಡೀ ದಕ್ಷಿಣದಲ್ಲಿ ಕಂಪನಿಗೆ ಎದುರಾಗಿ ವರ್ಷಕ್ಕೂ ಮೀರಿ ಕುದುರೆ ಇಳಿಯದೆ ನಿಂತ ಮೊದಲಿಗರಲ್ಲಿ ಇವನೊಬ್ಬ ಎನ್ನುವುದೂ ನಿಜ.

1799ರ ಆಗಸ್ಟಿನಲ್ಲಿ ಕಂಪನಿಯ ಪಡೆ ಶಿಕಾರಿಪುರದ ಕಡೆಯಿಂದ ಅವನನ್ನು ಮರಾಠರ ಸೀಮೆಗೆ ಅಟ್ಟಿತು. ಅಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆ ಅವನ ಮೇಲೆ ಬಿದ್ದು ಚೆನ್ನಾಗಿ ಬಡಿದ. ಗೋಖಲೆಯ ಎದೆಯ ರಕ್ತದಲ್ಲಿ ಮೀಸೆ ಅದ್ದುತ್ತೇನೆಂದು ಧೋಂಡಿಯಾ ಆಣೆಯಿಟ್ಟನಂತೆ. 1800ರ ಜೂನ್ 30ರಂದು ಗೋಖಲೆಯನ್ನು ಕೊಂದ. ಮೀಸೆ ಅದ್ದಿದನೆಂದೂ ಆ ಕಾಲದ ಇಂಗ್ಲಿಷ್ ಬರಹಗಾರರು ಬರೆದಿದ್ದಾರೆ. ಶತ್ರುವಿನ ಬಗ್ಗೆ ಶತ್ರು ಬರೆದ ಕತೆ, ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಅಷ್ಟರಲ್ಲಿ ವೆಲ್ಲೆಸ್ಲಿ ಹೊರಟಾಗಿತ್ತು. ಧೋಂಡಿಯಾನನ್ನು ಎಲ್ಲಿದ್ದರೂ ಹಿಡಿದು ಸಿಕ್ಕ ಮೊದಲ ಮರಕ್ಕೆ ನೇತುಹಾಕಬೇಕೆಂದು ಮದ್ರಾಸಿನ ಹುಕುಂ. ವೆಲ್ಲೆಸ್ಲಿಯ ಅಣ್ಣ ಗವರ್ನರ್ ಜನರಲ್ ಆಗಿದ್ದ. ಡಚ್ಚರ ಬಟಾವಿಯಾದ ಮೇಲೆ ಹೋಗುವ ದಂಡಿನ ಮುಖಂಡತ್ವವನ್ನು ತಮ್ಮನಿಗೆ ಕೊಡಬಂದ. ಲೂಟಿಯ ಪಾಲು, ಹೆಸರು ಎರಡೂ ಅಲ್ಲಿತ್ತು. ತಮ್ಮ ಅದನ್ನು ಬಿಟ್ಟು ಇವನ ಹಿಂದೆಯೇ ಉಳಿದ. ಜೂನಿನಲ್ಲಿ, ತುಂಗಭದ್ರೆ ತುಂಬುವ ಮುನ್ನ, ಹರಿಹರದಲ್ಲಿ ಹೊಳೆ ದಾಟಿದ.

ಮುಂದಿನ ಎರಡೂವರೆ ತಿಂಗಳು ಅವನು ಕಲಿತದ್ದು ಕತ್ತಿ ಬೀಸುವುದಕ್ಕಿಂತ ಹೆಚ್ಚಾಗಿ ಅಕ್ಕಿ ಸಾಗಿಸುವುದನ್ನು. ಕುದುರೆ ಸವಾರನನ್ನು ಕಾಲಾಳು ಹಿಡಿಯಲಾರದು, ಹಸಿದ ಸೇನೆ ಎಲ್ಲಿಗೂ ಹೋಗಲಾರದು. ಅವನ ಪತ್ರಗಳ ತುಂಬ ಎತ್ತಿನ ಮಾತು, ಹೊಳೆಯ ಮಾತು, ಚರ್ಮ ಹೊದಿಸಿದ ಬಿದಿರಿನ ಬುಟ್ಟಿದೋಣಿಯ ಮಾತು. ಅಂದರೆ ನಮ್ಮ ಹರಿಗೋಲು. ಇಂಥ ದೋಣಿಗಳನ್ನು ಎಲ್ಲೆಲ್ಲಿ ಎಷ್ಟೆಷ್ಟು ಹೆಣೆಸಿಡಬೇಕೆಂದು ಕರ್ನಲ್ ಸಾಹೇಬ ತಾನೇ ಲೆಕ್ಕ ಹಾಕುತ್ತಿದ್ದ. ದಿವಾನ್ ಪೂರ್ಣಯ್ಯ ಮೈಸೂರಿನಿಂದ ದವಸ, ಸವಾರರನ್ನು ಒದಗಿಸುತ್ತಿದ್ದ. ಫಿರಂಗಿ ಎಳೆಯಲು ಅಮೃತಮಹಲ್ ಎತ್ತುಗಳು. ಹೈದರ್, ಟಿಪ್ಪು ಸಾಕಿ ಬೆಳೆಸಿದ್ದ ಈ ತಳಿಯ ವೇಗ ಕಂಡು ಬೆರಗಾದವರಲ್ಲಿ ವೆಲ್ಲೆಸ್ಲಿಯೂ ಒಬ್ಬ.

ಈ ಕತೆಯಲ್ಲಿ ಇದೇ ಜಿಲ್ಲೆಯ ನ್ಯಾಮತಿಯವರಿಗೆ ಆಸಕ್ತಿಯ ಭಾಗ ಇನ್ನೊಂದಿದೆ. ವೆಲ್ಲೆಸ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ‘ಬ್ರಿಂಜಾರಿ’ಗಳು ಬೇರೆ ಯಾರೂ ಅಲ್ಲ, ಲಂಬಾಣಿಗರು. ಸಾವಿರಾರು ಹೇರೆತ್ತುಗಳ ಮೇಲೆ ಅಕ್ಕಿ, ಉಪ್ಪು ಹೇರಿಕೊಂಡು ತಾಂಡಾ ತಾಂಡಾವೇ ದಂಡಿನ ಹಿಂದೆ ಸಾಗುತ್ತಿತ್ತು. ಮೊಘಲರು, ಮರಾಠರು, ನಿಜಾಮ, ಟಿಪ್ಪು, ಕಂಪನಿ ಎಲ್ಲರ ಸೇನೆಗೂ ಊಟ ಮುಟ್ಟಿಸಿದವರು ಇವರೇ. ಯುದ್ಧ ಯಾರದೇ ಇರಲಿ, ಇವರದು ವ್ಯಾಪಾರ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಸಮುದಾಯದ ನಂಬಿಕೆ. ಫೆಬ್ರುವರಿಯ ಜಯಂತಿಗೆ ಕೆಂಪು–ಬಿಳಿ ಉಡುಪಿನ ಮಾಲಾಧಾರಿಗಳು ರಸ್ತೆಯುದ್ದಕ್ಕೂ ಕಾಲ್ನಡಿಗೆಯಲ್ಲಿ ಬರುವುದನ್ನು ಆ ಕಡೆ ಓಡಾಡುವವರೆಲ್ಲ ನೋಡಿರುತ್ತಾರೆ.

ಹೇರೆತ್ತಿನ ಈ ಜಗತ್ತನ್ನು ಕೊನೆಗೆ ಮುಗಿಸಿದ್ದು ಕತ್ತಿಯೂ ಅಲ್ಲ, ಫಿರಂಗಿಯೂ ಅಲ್ಲ. ರೈಲು, ಮತ್ತು ಅದರ ಜೊತೆಗೆ ಬಂದ ಪಕ್ಕಾ ರಸ್ತೆ, ಉಪ್ಪಿನ ಮೇಲಿನ ಸರ್ಕಾರಿ ಹಿಡಿತ. ಗೂಡ್ಸ್ ಬಂಡಿಯ ಒಂದು ಡಬ್ಬಿ ಹೊರುವಷ್ಟನ್ನು ಹೊರಲು ಎತ್ತಿನ ಹಿಂಡೇ ಬೇಕಿತ್ತು. ಕೆಲಸ ಕಳೆದುಕೊಂಡ ಲಂಬಾಣಿಗರನ್ನು ಮುಂದೆ ಬ್ರಿಟಿಷ್ ಸರ್ಕಾರ ಹಲವೆಡೆ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತು. ಯಾರ ಹೇರೆತ್ತಿನ ಅಕ್ಕಿ ತಿಂದು ವೆಲ್ಲೆಸ್ಲಿ ಗೆದ್ದನೋ ಅವರ ಕಸುಬು ಕಿತ್ತುಕೊಳ್ಳಲಿದ್ದ ಯಂತ್ರದ ಉದ್ಘಾಟನೆಗೆ ಅವನೇ ಮುಖ್ಯ ಅತಿಥಿ. ಆದರೆ ಅಂದು ಅಲ್ಲಿ ಯಾರಿಗೂ ಇದು ಹೊಳೆದಿರಲು ಸಾಧ್ಯವಿಲ್ಲ.

ಕೋನಗಲ್ಲಿಗೆ ಬರೋಣ. ಸೆಪ್ಟೆಂಬರ್ 10ರ ಬೆಳಗ್ಗೆ ವೆಲ್ಲೆಸ್ಲಿಯ ಬಳಿ ನಾಲ್ಕು ಕುದುರೆ ರೆಜಿಮೆಂಟುಗಳಷ್ಟೇ ಇದ್ದವು, ಎರಡು ಬ್ರಿಟಿಷರದು, ಎರಡು ದೇಶಿ. ಕಾಲಾಳು ಹಿಂದೆ ಉಳಿದಿತ್ತು. ಎದುರಿಗೆ ಸುಮಾರು ಐದು ಸಾವಿರ ಸವಾರರು. ಎರಡನೇ ಸಾಲು ಮಾಡಲು ಜನ ಸಾಲದೆ ನಾಲ್ಕನ್ನೂ ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಲೂಟಿ ಹೊಡೆದ ಸಾಮಾನು ಸರಂಜಾಮಿನ ನಡುವೆ ಸಿಪಾಯಿಗಳಿಗೆ ನಾಲ್ಕು ವರ್ಷದ ಗಂಡುಮಗು ಸಿಕ್ಕಿತು. ಅದು ಧೋಂಡಿಯಾನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಮಗುವನ್ನು ತನ್ನ ಬಿಡಾರಕ್ಕೆ ಕರೆಸಿ ಸಾಕಿದ. ಭಾರತ ಬಿಡುವಾಗ ಅವನ ಓದಿಗೆ, ಊಟಕ್ಕೆಂದು ಸ್ವಂತ ಹಣ ಇಟ್ಟುಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಚಾಕರಿಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಅಪ್ಪನನ್ನು ಕೊಂದವನೇ ಮಗನನ್ನು ಸಾಕಿದ ಎಂಬುದನ್ನು ಡ್ಯೂಕನ ಜೀವನಚರಿತ್ರೆ ಬರೆದವರು ಔದಾರ್ಯವೆಂದು ಬರೆದಿದ್ದಾರೆ. ಔದಾರ್ಯವೇ, ಇಲ್ಲವೆನ್ನಲಾಗದು. ಆ ಮಗುವಿನ ತಾಯಿ ಏನಾದಳೆಂದು ಮಾತ್ರ ಅವರಾರೂ ಕೇಳುವುದಿಲ್ಲ.

ಡ್ಯೂಕ್ ಆ ರೈಲು ಹತ್ತಿದ 1830 ವಿಶ್ವ ಇತಿಹಾಸದ ಪುಸ್ತಕಗಳಲ್ಲಿ ದಪ್ಪಕ್ಷರದ ವರ್ಷ. ಜುಲೈ ಕೊನೆಯ ಮೂರು ದಿನಗಳಲ್ಲಿ ಪ್ಯಾರಿಸಿನ ಜನ ಬೀದಿಗೆ ಅಡ್ಡಗಟ್ಟೆ ಹಾಕಿ ಹತ್ತನೇ ಚಾರ್ಲ್ಸ್ ದೊರೆಯನ್ನು ಓಡಿಸಿದರು. ಆಗಸ್ಟ್ 25ರ ರಾತ್ರಿ ಬ್ರಸೆಲ್ಸಿನಲ್ಲಿ ಒಪೆರಾ ನೋಡಿ ಹೊರಬಂದವರಿಂದ ದಂಗೆ ಶುರುವಾಗಿ ಬೆಲ್ಜಿಯಂ ಎಂಬ ದೇಶವೇ ಹುಟ್ಟಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಕೂಲಿಗಳು ಕಾಳು ಬಡಿಯುವ ಯಂತ್ರಗಳನ್ನು ಪುಡಿಗಟ್ಟತೊಡಗಿದ್ದರು. ಚಳಿಗಾಲದ ಕೂಲಿ ಹೋಯಿತೆಂಬ ಸಿಟ್ಟು. ನವೆಂಬರಿನಲ್ಲಿ ವೆಲಿಂಗ್ಟನ್ ಸಂಸತ್ತಿನಲ್ಲಿ ಮತದಾನದ ಸುಧಾರಣೆಯೇ ಬೇಡವೆಂದು ಹೇಳಿ, ಅದೇ ತಿಂಗಳು ಕುರ್ಚಿ ಕಳೆದುಕೊಂಡ.

ಆ ಪಟ್ಟಿಯಲ್ಲಿಲ್ಲದ ಹೆಸರು ಬಸವಾಪಟ್ಟಣ, ಈಗಿನ ಚನ್ನಗಿರಿ ತಾಲ್ಲೂಕಿನದು. ಅದೇ 1830ರಲ್ಲಿ ನಗರ (ಹಿಂದಿನ ಬಿದನೂರು) ಫೌಜುದಾರಿಕೆ ಎಂಬ ಆಡಳಿತ ವಿಭಾಗದ ರೈತರು ಇಲ್ಲಿ ಕೂಟ ಸೇರಿದರು. ಕಂದಾಯ ಕಟ್ಟುವುದಿಲ್ಲವೆಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಆಗ ‘ಶರ್ತಿ’ ಪದ್ಧತಿ ಇತ್ತು. ಅಮಲ್ದಾರ ಇಷ್ಟು ಕಂದಾಯ ತಂದೇ ತರುತ್ತೇನೆಂದು ಬರೆದುಕೊಡಬೇಕು. ಮಳೆ ಬರಲಿ ಬಿಡಲಿ, ಬೆಲೆ ಏರಲಿ ಇಳಿಯಲಿ, ಬರೆದುಕೊಟ್ಟಷ್ಟನ್ನು ರೈತನಿಂದ ಹಿಂಡಬೇಕು. ಕಂಪನಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕಟ್ಟಬೇಕಿತ್ತು. ಕಾಳಿನ ಧಾರಣೆ ಕುಸಿದಿದ್ದ ಕಾಲ ಅದು. ನಗರದ ಫೌಜುದಾರಿಕೆ ಬಹುಕಾಲ ರಾಮರಾಯ ಮತ್ತವನ ಬಂಧುಗಳ ಕೈಯಲ್ಲಿತ್ತು. ಅವರು ರಿಯಾಯಿತಿಯೆಂದು ಬಿಟ್ಟಿದ್ದ ಬಾಕಿಗಳನ್ನು ಆಮೇಲೆ ಬಂದ ವೀರರಾಜೇ ಅರಸು ಲೆಕ್ಕ ಕೆದಕಿ ಮತ್ತೆ ಕೇಳಿದ. ಬೆಂಕಿ ಹತ್ತಲು ಅಷ್ಟು ಸಾಕಾಯಿತು.

ದಂಗೆಗೊಬ್ಬ ಅರಸನೂ ಸಿಕ್ಕಿದ. ಸಾದರ ಮಲ್ಲ ಎಂಬ ಸಾಮಾನ್ಯ ರೈತನ ಮಗ ಕೆಳದಿ ವಂಶದವನೆಂದು ಹೇಳಿಕೊಂಡು ಬೂದಿ ಬಸವಪ್ಪನಾಗಿ ನಿಂತ. ಅದು ಸುಳ್ಳೆಂದು ಅನೇಕರಿಗೆ ಗೊತ್ತಿದ್ದಿರಬಹುದು. ಆದರೂ ಹೈದರ್ 1763ರಲ್ಲಿ ಕೊನೆಗಾಣಿಸಿದ ಆ ಮನೆತನದ ಹೆಸರಿಗೆ ಈ ಸೀಮೆಯಲ್ಲಿ ಇನ್ನೂ ಕಾವಿತ್ತು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮನ ಹೆಸರನ್ನೇ ಚನ್ನಗಿರಿ ಇಟ್ಟುಕೊಂಡಿದೆ. ತರೀಕೆರೆಯ ಪಾಳೇಗಾರ ರಂಗಪ್ಪ ನಾಯಕನೂ ಸೇರಿಕೊಂಡ. ರೈತರ ಕೂಟ ಹೀಗೆ ಪಾಳೇಗಾರರ ಯುದ್ಧವೂ ಆಯಿತು. ಹೊನ್ನಾಳಿ ಕೋಟೆಗಾಗಿ ಕಾದಾಟ ನಡೆಯಿತು. ಸೆರೆಸಿಕ್ಕವರನ್ನು ಮೈಸೂರು ಪಡೆ ಹೊನ್ನಾಳಿ ಸೀಮೆಯ ದಾರಿಬದಿಯ ಮರಗಳಿಗೆ ನೇಣು ಹಾಕಿತು. ಕೊನೆಗೆ ಅರಸರು ಕಂಪನಿಯ ಸೇನೆ ಕೇಳಬೇಕಾಯಿತು. 1831ರ ಜೂನಿನಲ್ಲಿ ನಗರದ ಕೋಟೆ ಬಿತ್ತು.

ಪ್ಯಾರಿಸಿನಂತೆ ಇಲ್ಲೂ ದೊರೆಯ ಅಧಿಕಾರ ಹೋಯಿತು. ಆದರೆ ಅದು ಜನರ ಕೈಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಪತ್ರ ಬರೆದ, ಅಕ್ಟೋಬರಿನಲ್ಲಿ ಮುಮ್ಮಡಿಯವರು ಆಡಳಿತ ಬಿಟ್ಟುಕೊಟ್ಟರು. ಅದು ಮರಳಿ ಒಡೆಯರ ಮನೆತನಕ್ಕೆ ಬಂದದ್ದು 1881ರ ಮಾರ್ಚ್ 25ರಂದು. ಆ ಐವತ್ತು ವರ್ಷ ಕಮಿಷನರುಗಳು ಬೆಂಗಳೂರಿನಲ್ಲಿ ಕೂತು ಆಳಿದರು. ಬೆಂಗಳೂರು ಇಂದು ರಾಜಧಾನಿಯಾಗಿರುವುದರ ಬೇರು ಹುಡುಕಿ ಹೊರಟರೆ ಬಸವಾಪಟ್ಟಣದ ಕೂಟದ ತನಕ ಬರಬೇಕಾಗುತ್ತದೆ. ಇದು ಬೆಂಗಳೂರಿಗರಿಗೆ ಗೊತ್ತಿಲ್ಲ, ಬಸವಾಪಟ್ಟಣದವರೂ ಹೇಳಿಕೊಳ್ಳುವುದಿಲ್ಲ.

ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಅವರಿದ್ದ ಸಮಿತಿ 1833ರ ಡಿಸೆಂಬರಿನಲ್ಲಿ ದಂಗೆಯ ವರದಿ ಕೊಟ್ಟಿತು. ರೈತರ ದೂರುಗಳಲ್ಲಿ ಹುರುಳಿತ್ತೆಂದು ಒಪ್ಪಿತು. ತಾನು ಆತುರಪಟ್ಟೆನೇನೋ ಎಂಬ ಅನುಮಾನ ಬೆಂಟಿಂಕನಿಗೂ ಬಂತು. ಸ್ವಲ್ಪ ಭಾಗವನ್ನಾದರೂ ಅರಸರಿಗೆ ಮರಳಿಸೋಣವೆಂದು ಆತ ಬರೆದರೂ ಲಂಡನ್ ಒಪ್ಪಲಿಲ್ಲ. ಸಮಿತಿಯ ಕಬ್ಬನ್ನನೇ ಮುಂದೆ ಕಮಿಷನರಾಗಿ 1834ರಿಂದ 1861ರವರೆಗೆ ಆಳಿದ. ತನಿಖೆ ಮಾಡಿದವನೇ ಆಳಲು ಕೂತದ್ದು ಆ ಕಾಲಕ್ಕೆ ಯಾರಿಗೂ ಅಸಹಜವೆನಿಸಲಿಲ್ಲ.

ಈಗ ಚನ್ನಗಿರಿಯ ಜಿಲ್ಲೆಗೇ ಸೇರಿದ ಜಗಳೂರಿನ ಮಾತು ಬರುವುದು ಇನ್ನೂ ಬಹಳ ಕಾಲದ ಮೇಲೆ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಚಿತ್ರದುರ್ಗದ ಸಂಸದರಾಗಿದ್ದ ಜಗಳೂರಿನ ಜೆ. ಮೊಹಮ್ಮದ್ ಇಮಾಂ 1967ರಲ್ಲಿ ಸ್ವತಂತ್ರ ಪಕ್ಷದಿಂದ ಮತ್ತೆ ಗೆದ್ದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಸಮಾಜವಾದಿ ಜೆ.ಎಚ್. ಪಟೇಲ್. ಸದನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು ಅವರೇ. ಒಬ್ಬರು ಖಾಸಗಿ ಆಸ್ತಿಯ ಪಕ್ಷದವರು, ಇನ್ನೊಬ್ಬರು ಲೋಹಿಯಾ ಶಿಷ್ಯರು. ದೆಹಲಿಯಲ್ಲಿ ಇಬ್ಬರೂ ಕೂತದ್ದು ಕಾಂಗ್ರೆಸ್ಸಿನ ಎದುರು ಬೆಂಚುಗಳಲ್ಲಿ. ಆಗ ಇಬ್ಬರ ಜಿಲ್ಲೆ ಬೇರೆ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿ ಚಿತ್ರದುರ್ಗದ ಜಗಳೂರನ್ನೂ ಶಿವಮೊಗ್ಗದ ಚನ್ನಗಿರಿ, ಹೊನ್ನಾಳಿಗಳನ್ನೂ ಒಟ್ಟಿಗೆ ತಂದದ್ದು ಆಗ ಮುಖ್ಯಮಂತ್ರಿಯಾಗಿದ್ದ ಇದೇ ಪಟೇಲರ ಸರ್ಕಾರ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು.