ಒಂದು ಹಳಿ, ಎರಡು ರೈಲು: ಕಂಪ್ಯೂಟರಿನೊಳಗಿನ ಬೀಗಗಳ ಕಥೆ

ಒಂಟಿ ಹಳಿಯ ಮಾರ್ಗದಲ್ಲಿ ಓಡಾಡಿದ ಹಿರಿಯರಿಗೆ ಈ ದೃಶ್ಯ ನೆನಪಿರಬಹುದು. ಸಣ್ಣ ನಿಲ್ದಾಣದಲ್ಲಿ ರೈಲ್ವೆ ನೌಕರನೊಬ್ಬ ದೊಡ್ಡ ಬಳೆಯಂಥದನ್ನು ಎತ್ತಿ ಹಿಡಿದು ನಿಂತಿರುತ್ತಾನೆ. ಎಂಜಿನ್ನಿನಿಂದ ಚಾಚಿದ ಕೈಯೊಂದು ಅದನ್ನು ಎಗರಿಸಿಕೊಂಡು ಹೋಗುತ್ತದೆ. ಆ ಬಳೆಗೆ ಕಟ್ಟಿದ ಚೀಲದಲ್ಲಿ ಲೋಹದ ಒಂದು ಗುಂಡು. ಅದೇ ಟೋಕನ್. ಅದು ಕೈಗೆ ಬಾರದೆ ಮುಂದಿನ ನಿಲ್ದಾಣದವರೆಗಿನ ಹಳಿಗೆ ಯಾವ ಚಾಲಕನೂ ರೈಲು ಬಿಡುವಂತಿಲ್ಲ. ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಹೊರಬರುವುದು ಒಂದೇ ಗುಂಡು. ಹಾಗಾಗಿ ಎದುರಿನಿಂದ ಇನ್ನೊಂದು ರೈಲು ಬರುವ ಭಯವಿಲ್ಲ.

ಕಂಪ್ಯೂಟರಿನೊಳಗೂ ಇಂಥ ಗುಂಡು ಬೇಕು. ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಅಂಥ ಉಪಾಯವೊಂದನ್ನು ರೂಪಿಸಿ 'ಸೆಮಾಫೋರ್' ಎಂದು ಕರೆದರು. ಅದು ರೈಲ್ವೆ ಕೈಮರದ ಹೆಸರೇ!

ಗುಂಡು ಇಲ್ಲದಿದ್ದರೆ ಏನಾಗುತ್ತದೆ? ನಿಮ್ಮ ಕಂಪ್ಯೂಟರಿನಲ್ಲಿ 'ಚಿತ್ರ' ಮತ್ತು 'ಪತ್ರ' ಎಂಬ ಎರಡು ಫೋಲ್ಡರುಗಳಿವೆ ಎನ್ನಿ. ಮೊದಲ ಪ್ರೋಗ್ರಾಂ 'ಚಿತ್ರ'ವನ್ನು 'ಪತ್ರ'ದೊಳಗೆ ಹಾಕಲು ಹೊರಡುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಪ್ರೋಗ್ರಾಂ 'ಪತ್ರ'ವನ್ನು 'ಚಿತ್ರ'ದೊಳಗೆ ಹಾಕಲು ಹೊರಡುತ್ತದೆ. ಎರಡೂ ಶಿಸ್ತಿನವೇ. 'ನಾನು ಒಯ್ಯುವ ಫೋಲ್ಡರಿನೊಳಗೇ ಅದು ಸೇರಬೇಕಾದ ಜಾಗ ಇದೆಯೇ?' ಎಂದು ಮೊದಲು ನೋಡುತ್ತವೆ. ಇಬ್ಬರಿಗೂ 'ಇಲ್ಲ' ಎಂಬ ಉತ್ತರ ಸಿಗುತ್ತದೆ, ಏಕೆಂದರೆ ಇನ್ನೂ ಯಾರೂ ಏನನ್ನೂ ಸರಿಸಿಲ್ಲ. ಎರಡೂ ಮುಂದುವರಿಯುತ್ತವೆ. ಕೊನೆಗೆ ಚಿತ್ರದೊಳಗೆ ಪತ್ರ, ಪತ್ರದೊಳಗೆ ಚಿತ್ರ! ಹೊರಗಿನಿಂದ ಇವೆರಡನ್ನೂ ತಲಪುವ ದಾರಿಯೇ ಇಲ್ಲ. ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳು, ಮಗಳ ಪ್ರಾಜೆಕ್ಟ್ ವರದಿ, ಎಲ್ಲವೂ ಡಿಸ್ಕಿನಲ್ಲಿ ಜಾಗ ತಿನ್ನುತ್ತ ಕೂತಿವೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಕ್ಷಣಾರ್ಧದಲ್ಲಿ ಇನ್ನೊಬ್ಬರು ನುಸುಳುವ ಈ ತೊಂದರೆಗೆ 'ರೇಸ್ ಕಂಡಿಷನ್' ಎನ್ನುತ್ತಾರೆ. ಹತ್ತು ಲಕ್ಷ ಸಲ ಸರಿಯಾಗಿ ನಡೆದು ಒಮ್ಮೆ ಕೈಕೊಡಬಹುದು. ಪರೀಕ್ಷಿಸಲು ಕೂತರೆ ಕಾಣಿಸಿಕೊಳ್ಳುವುದಿಲ್ಲ. ಮೆಕ್ಯಾನಿಕ್ ಎದುರು ಸದ್ದೇ ಮಾಡದ ಸ್ಕೂಟರಿನ ಹಾಗೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. 1996ರಲ್ಲಿ ಅದು ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳನ್ನು ಬಳಸಲು ಕಲಿತಾಗ ಇಡೀ ಮನೆಗೆ ಒಂದೇ ಬೀಗ ಎಂಬಂತೆ 'ಬಿಗ್ ಕರ್ನಲ್ ಲಾಕ್' ಇತ್ತು. ಕ್ಷೇಮವೇನೋ ಸರಿ, ಆದರೆ ಒಬ್ಬ ಒಳಗಿದ್ದರೆ ಉಳಿದವರೆಲ್ಲ ಬಾಗಿಲಲ್ಲಿ ಕಾಯಬೇಕು. ಅದನ್ನು ಒಡೆದು ಕೋಣೆಗೊಂದು ಬೀಗ ಮಾಡುತ್ತ ಹೋದರು. ಹಳೆಯ ಬೀಗದ ಕೊನೆಯ ಕುರುಹು ಅಳಿದದ್ದು 2011ರಲ್ಲಿ.

ಬೀಗ ಹೆಚ್ಚಿದರೆ ಬೇರೆಯೇ ಕಾಟ. ಅಣ್ಣನ ಕೈಯಲ್ಲಿ ಕೈವಾರ, ತಂಗಿಯ ಕೈಯಲ್ಲಿ ಪೆನ್ಸಿಲ್. ವೃತ್ತ ಬರೆಯಲು ಎರಡೂ ಬೇಕು. 'ಮೊದಲು ನೀನು ಕೊಡು' ಎಂದು ಇಬ್ಬರೂ ಪಟ್ಟು ಹಿಡಿದರೆ ಹೋಂವರ್ಕ್ ಮುಗಿದಂತೆಯೇ! ಇದು 'ಡೆಡ್‌ಲಾಕ್'. ಪರಿಹಾರ ಸುಲಭ: ಯಾರೇ ಆಗಲಿ ಮೊದಲು ಕೈವಾರ, ಆಮೇಲೆ ಪೆನ್ಸಿಲ್ ತೆಗೆದುಕೊಳ್ಳಬೇಕು. ಲಿನಕ್ಸ್‌ನಲ್ಲೂ ಹೀಗೇ. ಫೋಲ್ಡರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವವರು ಆ ಫೈಲ್ ವ್ಯವಸ್ಥೆಗೆಲ್ಲ ಒಂದೇ ಆಗಿರುವ ಬೀಗವನ್ನು ಮೊದಲು ಹಿಡಿಯಬೇಕು. ಆಮೇಲೆ ಹೊರಗಿನ ಫೋಲ್ಡರಿನದು, ಅನಂತರ ಅದರ ಒಳಗಿನದು. ನಮ್ಮ 'ಚಿತ್ರ-ಪತ್ರ' ಸರಪಳಿ ಹೀಗೆ ತಪ್ಪುತ್ತದೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿರಾ? 2023ರಲ್ಲಿ ಹೊಸ ತೂತು ಕಂಡಿತು. ಪ್ರತಿ ಫೋಲ್ಡರಿನೊಳಗೂ 'ನನ್ನ ತಾಯಿ ಫೋಲ್ಡರ್ ಇಂಥದು' ಎಂಬ ಒಂದು ನಮೂದು ಇರುತ್ತದೆ. ಮನೆ ಬದಲಾದರೆ ಅದನ್ನೂ ತಿದ್ದಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಆ ಫೋಲ್ಡರಿಗೆ ಹೊಸ ಫೈಲು ಸೇರಿಸಿದರೆ? ಇಎಕ್ಸ್‌ಟಿ-4 ಎಂಬ ಫೈಲ್ ವ್ಯವಸ್ಥೆಯಲ್ಲಿ ಪುಟ್ಟ ಫೋಲ್ಡರಿನ ಪಟ್ಟಿ ಇಕ್ಕಟ್ಟಾದ ಜಾಗದಲ್ಲಿರಬಹುದು; ಪಟ್ಟಿ ಬೆಳೆದರೆ ಅದನ್ನು ಬೇರೆಡೆಗೆ ಎತ್ತಿಡಲಾಗುತ್ತದೆ. ತಿದ್ದಲು ಹೋದ ಪ್ರೋಗ್ರಾಂ ಖಾಲಿಯಾದ ಹಳೆ ಜಾಗದಲ್ಲಿ ತಡಕಾಡಿ ಮುಗ್ಗರಿಸಬಹುದು. ಯಾನ್ ಕಾರಾ ಎಂಬ ತಂತ್ರಜ್ಞರು ಮೊದಲು ಆ ಒಂದು ವ್ಯವಸ್ಥೆಗೆ ಬೀಗ ಹಾಕಿದರು. ಅದು ಸಾಲದೆಂದು ಕಂಡ ಮೇಲೆ, ಎಲ್ಲ ಫೈಲ್ ವ್ಯವಸ್ಥೆಗಳಿಗೂ ಅನ್ವಯಿಸುವ ಮೇಲಿನ ಪದರದಲ್ಲೇ, ಸರಿಸಲ್ಪಡುವ ಫೋಲ್ಡರಿಗೂ ಬೀಗ ಬಿತ್ತು.

ಆ ಬೀಗವೂ ಸಂಪೂರ್ಣ ಸರಿಯಿರಲಿಲ್ಲ! ಅಲ್ ವೈರೊ ಎಂಬ ಅನುಭವಿ ಲೆಕ್ಕಹಾಕಿ ನೋಡಿದಾಗ ಬೀಗ ಹಿಡಿಯುವ ಹೊಸ ಸರದಿಯಲ್ಲಿ ದೋಷ ಸಿಕ್ಕಿತು. ಮೊದಲನೆಯದು ಎರಡನೆಯದಕ್ಕಿಂತ ಮುಂದೆ, ಎರಡನೆಯದು ಮೂರನೆಯದಕ್ಕಿಂತ ಮುಂದೆ, ಆದರೆ ಮೂರನೆಯದು ಮೊದಲನೆಯದಕ್ಕಿಂತ ಮುಂದೆ ಬರುವ ಸಂದರ್ಭವಿತ್ತು. ಅಂದರೆ ಅದೇ ಕೈವಾರ-ಪೆನ್ಸಿಲ್ ಜಗಳ. ಬರೀ ಹೆಸರು ಬದಲಾದರೆ ತಾಯಿಯ ನಮೂದನ್ನು ಮುಟ್ಟಬೇಕಿಲ್ಲ. ಹಾಗಿದ್ದ ಮೇಲೆ ಸರಿಯುವ ಫೋಲ್ಡರಿಗೆ ಬೀಗವೂ ಬೇಡ. ತಾಯಿ ಬದಲಾಗುವಾಗ ಮಾತ್ರ, ಆ ದೊಡ್ಡ ಬೀಗ ಕೈಯಲ್ಲಿದ್ದಾಗ ಮಾತ್ರ, ಹಾಕಿದರೆ ಸಾಕು. 2024ರ ಆವೃತ್ತಿಯಲ್ಲಿ ಈ ತಿದ್ದುಪಡಿ ಬಂತು.

ಕಂಪ್ಯೂಟರ್ ಓದುವ ಮಕ್ಕಳಿಗೆ ಒಂದು ಮಾತು. ಲಿನಕ್ಸ್‌ನ ಒಳಗಿನ ಬರಹವೆಲ್ಲ ಬಹಿರಂಗ. ಅದರ ದಾಖಲೆಗಳ ನಡುವೆ 'ಡೈರೆಕ್ಟರಿ ಲಾಕಿಂಗ್' ಎಂಬ ಕೆಲವೇ ಪುಟಗಳ ಲೇಖನವಿದೆ. ಡೆಡ್‌ಲಾಕ್ ಏಕೆ ಸಾಧ್ಯವಿಲ್ಲ ಎಂಬುದನ್ನು ಅಲ್ಲಿ ರೇಖಾಗಣಿತದ ಪ್ರಮೇಯದಂತೆ ಸಾಧಿಸಿದ್ದಾರೆ. ಕಾಗದದ ಮೇಲೆ ಮೂರು ಫೋಲ್ಡರುಗಳನ್ನು ಬರೆದುಕೊಂಡು ಅದನ್ನು ಓದಿ ನೋಡಿ. ಮೇಲಿನ ಎಡವಟ್ಟಿನ ನಂತರ ಆ ಪ್ರಮೇಯವನ್ನೂ ತಿದ್ದಿ ಬರೆಯಬೇಕಾಯಿತು.